ಕಲ್ಯಾಣ ಕ್ಯಾಂಟೀನಿನ ಲಿಂಕು

ನಾನು ಕೆಲಸ ಮಾಡುವ ಸಂಸ್ಥೆಗೆ ಮೂರು ಆಸ್ಪತ್ರೆಗಳಿವೆ. ಒಂದು ಕಲ್ಯಾಣದಲ್ಲಿ, ಒಂದು ನವಿ ಮುಂಬಯಿಯ ನೇರೂಳಿನಲ್ಲಿ, ದೊಡ್ಡದು ಠಾಣೆಯಲ್ಲಿ. ಠಾಣೆಯ ಆಸ್ಪತ್ರೆಯ ಹಿಂಬದಿಗೆ, ಮಾಜಿವಾಡಾದ ಫ್ಲೈಓವರ್ ಕಾಣುವ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಆಡಳಿತ ಕಚೇರಿ. ನನ್ನ ಮೇಜು ಅಲ್ಲಿದೆ. ನಾನು ಸೇರಿದ್ದು ಸಿಬ್ಬಂದಿ ವಿಭಾಗದ ಗುಮಾಸ್ತೆಯಾಗಿ. ಆಮೇಲೆ ಆಸ್ಪತ್ರೆಗೆ ಇಂಟ್ರಾನೆಟ್ ಬಂತು. ಅಂದರೆ ನಮ್ಮ ಸಿಬ್ಬಂದಿಗೆ ಮಾತ್ರ ತೆರೆಯುವ ವೆಬ್‌ಸೈಟು. ಡ್ಯೂಟಿ ಪಟ್ಟಿ, ರಜೆಯ ಅರ್ಜಿ, ಸುತ್ತೋಲೆ, ಫೋನ್ ನಂಬರು, ಎಲ್ಲ ಅದರಲ್ಲಿ. ಅದನ್ನು ಕಟ್ಟಿದ ಕಂಪನಿಯವರು ಕೈತೊಳೆದುಕೊಂಡು ಹೋದ ಮೇಲೆ ಯಾರಾದರೂ ನೋಡಿಕೊಳ್ಳಬೇಕಿತ್ತು. ಬೇರೆ ಯಾರೂ ಮುಂದೆ ಬರಲಿಲ್ಲ, ಅದು ನನ್ನ ಪಾಲಿಗೆ ಬಂತು. ನಲವತ್ತು ದಾಟಿದ ಮೇಲೆ ಒಂದು ಹೊಸ ಕೆಲಸ ಕಲಿಯುವುದು ನನಗೂ ಬೇಕಾಗಿತ್ತು. ಮನೆಯಲ್ಲಿ ಸುಮ್ಮನೆ ಕೂತರೆ ಮನಸ್ಸು ಎಲ್ಲೆಲ್ಲೋ ಹೋಗುತ್ತಿತ್ತು.

ನನ್ನ ಗಂಡ ತೀರಿಕೊಂಡಾಗ ನಾವು ಡೊಂಬಿವಲಿಯಲ್ಲಿದ್ದೆವು. ಮಗಳು ಮೂರನೇ ಕ್ಲಾಸು. ನಾನು ಧಾರವಾಡದವಳು, ಅವರೂ ಅಲ್ಲಿಯವರೇ. ಮನೆಯಲ್ಲಿ ಕನ್ನಡ ಎಂದರೆ ನಾನು ಅವರು ಇಬ್ಬರು ಆಡುವ ಮಾತು, ಅಷ್ಟೇ. ಮಗಳಿಗೆ ಎಲ್ಲ ತಿಳಿಯುತ್ತದೆ, ಆದರೆ ಉತ್ತರ ಕೊಡುವುದು ಹಿಂದಿಯಲ್ಲಿ. ಅವರು ಹೋದ ಮೇಲೆ ನಾನೊಬ್ಬಳೇ ಕನ್ನಡ ಮಾತಾಡುವವಳು ಉಳಿದೆ. ಆಮೇಲೆ ಕೆಲಸಕ್ಕೆ ಹತ್ತಿರವಾಗಲೆಂದು ಠಾಣೆಯ ವರ್ತಕ ನಗರಕ್ಕೆ ಬಂದೆವು. ಅಲ್ಲಿನ ಅಕ್ಕಪಕ್ಕದವರೆಲ್ಲ ಮರಾಠಿ. ಒಳ್ಳೆಯವರು. ಆದರೆ ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ಒಂದು ಕನ್ನಡ ಶಬ್ದ ಕಿವಿಗೆ ಬೀಳುತ್ತಿರಲಿಲ್ಲ. ಅದು ದೊಡ್ಡ ದುಃಖವೇನಲ್ಲ. ಊಟದಲ್ಲಿ ಉಪ್ಪು ಸ್ವಲ್ಪ ಕಡಿಮೆಯಾದಂತೆ, ತಿಂದು ಮುಗಿಸಬಹುದು.

ಇಂಟ್ರಾನೆಟ್ಟಿನಲ್ಲಿ ಮೂರೂ ಆಸ್ಪತ್ರೆಯ ಕ್ಯಾಂಟೀನುಗಳಿಗೆ ಒಂದೊಂದು ಪುಟ ಮಾಡಿದ್ದೆ. ದಿನವೂ ಬೆಳಿಗ್ಗೆ ಆ ದಿನದ ಊಟ ಏನೆಂದು ಹಾಕಬೇಕು. ಅದನ್ನು ಹೇಗೆ ಹಾಕುವುದೆಂದು ಕ್ಯಾಂಟೀನಿನವರಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದೆ. ಕಲ್ಯಾಣಕ್ಕೆ ಫೋನು ಮಾಡಿದಾಗ ಎತ್ತಿದವರು ಅಲ್ಲಿನ ಕ್ಯಾಂಟೀನ್ ಮ್ಯಾನೇಜರು. ನಾನು ಹಿಂದಿಯಲ್ಲಿ ಎರಡು ವಾಕ್ಯ ಹೇಳಿರಬೇಕು.

"ನೀವು ಕನ್ನಡದವ್ರಾ?" ಎಂದರು.

"ಹೌದ್ರಿ. ಹೆಂಗ ಗೊತ್ತಾತು?"

"ನಿಮ್ಮ ಹಿಂದಿ ಕೇಳಿದ್ರೆ ಗೊತ್ತಾಗ್ತದೆ ಮೇಡಂ. ನನ್ನದೂ ಹಾಗೇ ಉಂಟಂತೆ, ಎಲ್ಲ ಹೇಳ್ತಾರೆ."

ಅವರು ಕುಂದಾಪುರದ ಕಡೆಯವರು. ಹದಿನೆಂಟಕ್ಕೆ ಅಣ್ಣನ ಜೊತೆ ಬಂದು ಡೊಂಬಿವಲಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿ, ಮುಂದೆ ಅಣ್ಣ ಸ್ವಂತ ಹೋಟೆಲು ಹಾಕಿದಾಗ ಅದರಲ್ಲಿದ್ದು, ಏನೋ ಮಾತು ಬಂದು ಬಿಟ್ಟು, ಆಸ್ಪತ್ರೆಯ ಕ್ಯಾಂಟೀನಿಗೆ ಸೇರಿದ್ದರು. ಮದುವೆಯಾಗಿರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ನಿಧಾನವಾಗಿ, ಫೋನಿನಲ್ಲಿ, ಪಾಸ್‌ವರ್ಡ್ ಮರೆತಾಗಲೋ ಫೋಟೋ ಅಡ್ಡ ಬಂದಾಗಲೋ ಅವರು ಕರೆ ಮಾಡಿದಾಗ. ಒಮ್ಮೆ ತರಬೇತಿಗೆಂದು ಕಲ್ಯಾಣಕ್ಕೆ ಹೋಗಿದ್ದೆ. ಹದಿನೈದು ಜನರ ನಡುವೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಐವತ್ತರ ಆಸುಪಾಸಿನ, ತೋಳು ಮಡಚಿದ ಬಿಳಿ ಶರ್ಟಿನವರೇ ಅವರೆಂದು ಚಹಾದ ಹೊತ್ತಿಗೆ ತಿಳಿಯಿತು. "ಚಾ ಸಕ್ಕರೆ ಹೆಚ್ಚಾಯ್ತಾ ಮೇಡಂ?" ಎಂದು ಕೇಳಿದರು. "ಇಲ್ರಿ, ಸರಿ ಐತಿ" ಎಂದೆ. ಅಷ್ಟೇ ಮಾತು.

ಮುಂದಿನ ವಾರ ಅವರ ಪುಟದಲ್ಲಿ ಒಂದು ಹೊಸ ಸಂಗತಿ ಕಂಡಿತು. ಮೇಲೆ ಇಂಗ್ಲಿಷಿನಲ್ಲಿ ಎಂದಿನಂತೆ ಚಪಾತಿ, ದಾಲು, ಅನ್ನ, ಪಲ್ಯ. ಕೆಳಗೆ ಕನ್ನಡ ಅಕ್ಷರದಲ್ಲಿ ಒಂದು ಸಾಲು. "ಇವತ್ತು ಹೀರೇಕಾಯಿ ಎಳೆಯದು ಸಿಕ್ಕಿದೆ, ಸಿಪ್ಪೆ ಚಟ್ನಿಯೂ ಮಾಡಿದ್ದೇವೆ."

ನಮ್ಮ ಇಡೀ ಇಂಟ್ರಾನೆಟ್ಟಿನಲ್ಲಿ ಕನ್ನಡದಲ್ಲಿ ಇದ್ದದ್ದು ಅದೊಂದೇ ಸಾಲು. ಮಾರನೆಯ ದಿನ ಇನ್ನೊಂದು. "ಬಸಳೆ ತರುವ ಅಜ್ಜಿ ಊರಿಗೆ ಹೋಗಿದ್ದಾಳೆ, ಇನ್ನು ಹದಿನೈದು ದಿನ ಪಾಲಕ್ಕೇ ಗತಿ." ಮಳೆಗಾಲದಲ್ಲಿ ಟ್ರ್ಯಾಕಿನ ಮೇಲೆ ನೀರು ನಿಂತ ದಿನ, "ರಾತ್ರಿ ಪಾಳಿಯ ನರ್ಸುಗಳು ಮನೆಗೆ ಹೋಗಲಾಗದೆ ಇಲ್ಲೇ ಉಳಿದಿದ್ದಾರೆ. ಅವರಿಗೆ ಬಿಸಿ ಗಂಜಿ, ಉಪ್ಪಿನಕಾಯಿ. ನನಗೂ ಅದೇ." ಅಷ್ಟು ಸಣ್ಣ ಸಾಲುಗಳು. ಕಲ್ಯಾಣದಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ನಾನು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ, ಬೇರೆ ಯಾವುದನ್ನೂ ತೆರೆಯುವ ಮೊದಲು ಆ ಲಿಂಕು ಒತ್ತುತ್ತಿದ್ದೆ. ಓದಿ ಚಹಾ ಕುಡಿಯುತ್ತಿದ್ದೆ. ಓದುತ್ತೇನೆಂದು ಅವರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ಪಾಸ್‌ವರ್ಡಿನ ನೆಪದಲ್ಲಿ ಫೋನು ಬಂದಾಗ ಇಬ್ಬರೂ ಪಾಸ್‌ವರ್ಡಿನ ಮಾತನ್ನೇ ಆಡುತ್ತಿದ್ದೆವು. ಹೀಗೆ ಎರಡು ವರ್ಷ ಹೋಯಿತು.

ಆಮೇಲೆ ನಮ್ಮ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದರು. ಪುಣೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ಚುರುಕು. ಬಂದ ತಿಂಗಳಲ್ಲೇ ಮೂರೂ ಆಸ್ಪತ್ರೆ ಸುತ್ತಿ ನರ್ಸುಗಳ ಹಿಂದೆ ನಿಂತು, ಅವರು ಇಂಟ್ರಾನೆಟ್ಟನ್ನು ಹೇಗೆ ಬಳಸುತ್ತಾರೆಂದು ನೋಡಿದರು. ತಿರುಗಿ ಬಂದು ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಎಡಗಡೆ ಪಟ್ಟಿ ನೋಡಿದ್ದೀರಾ? ಮೇಲಿಂದ ಕೆಳಗೆ ಲಿಂಕೇ ಲಿಂಕು. ಐಸಿಯು ಸಿಸ್ಟರ್‌ಗೆ ಗ್ಲೌಸು ತೀರಿದರೆ ಸ್ಟೋರಿಗೆ ಬೇಡಿಕೆ ಕಳಿಸಬೇಕು. ಆ ಲಿಂಕು ಹುಡುಕುತ್ತ ಅವಳು ಅಂಬುಲೆನ್ಸ್ ಡ್ರೈವರ್‌ಗಳ ಫಾರ್ಮು, ನೇರೂಳಿನ ಪಾರ್ಕಿಂಗು, ಲೆಕ್ಕ ವಿಭಾಗದ ಸುತ್ತೋಲೆ ಎಲ್ಲ ದಾಟಿ ಹೋಗಬೇಕು. ಅವಳಿಗೆ ಅದೆಲ್ಲ ಯಾಕೆ ಕಾಣಬೇಕು?" ಅವರು ಹಿಂದಿ, ಮರಾಠಿ ಎರಡನ್ನೂ ಕಲಸಿ ಮಾತಾಡುತ್ತಿದ್ದರು. "ಜ್ಯಾಚಾ ತ್ಯಾಲಾ. ಯಾರ ಕೆಲಸದ್ದು ಅವರಿಗೆ ಕಂಡರೆ ಸಾಕು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಎಷ್ಟೋ ಸಲ ಆ ಪಟ್ಟಿ ನೋಡಿ ಬೇಸರಪಟ್ಟಿದ್ದೆ. ಯಾರು ಕೇಳಿದರೂ ಒಂದು ಲಿಂಕು ಸೇರಿಸುತ್ತ ಬಂದದ್ದು ನಾನೇ. ವ್ಯವಸ್ಥೆಯಲ್ಲಿ ದಾರಿಯೂ ಇತ್ತು. ಸಿಬ್ಬಂದಿಯನ್ನು ಗ್ರೂಪುಗಳಾಗಿ ಮಾಡಿ, ಪ್ರತಿ ಲಿಂಕಿನ ಎದುರು ಇದು ಯಾವ ಗ್ರೂಪಿಗೆ ಕಾಣಬೇಕೆಂದು ಗುರುತು ಹಾಕಿದರೆ ಸಾಕು. ಲಿಂಕು ಅಳಿಸುವುದಲ್ಲ. ಬೇಕಾದವರಿಗೆ ಕಾಣುತ್ತದೆ, ಉಳಿದವರಿಗೆ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ.

ಮೂರು ವಾರ ಆ ಕೆಲಸ ಮಾಡಿದೆ. ಪ್ರತಿ ವಿಭಾಗದವರನ್ನು ಕೇಳಿದೆ, ಬರೆದುಕೊಂಡೆ. ಕೆಲಸ ಖುಷಿ ಕೊಟ್ಟಿತು, ಸುಳ್ಳು ಹೇಳುವುದಿಲ್ಲ. ಮಾತ್ರೆಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿದ ಹಾಗೆ ಎಲ್ಲ ಅಚ್ಚುಕಟ್ಟಾಗಿ ಕೂರುತ್ತಿತ್ತು. ಕೊನೆಗೆ ಕ್ಯಾಂಟೀನುಗಳು ಬಂದವು. ಠಾಣೆಯ ಕ್ಯಾಂಟೀನು ಠಾಣೆಯವರಿಗೆ. ನೇರೂಳಿನದು ನೇರೂಳಿನವರಿಗೆ. ಕಲ್ಯಾಣದ ಎದುರು ಬಂದು ಕೈ ನಿಂತಿತು. ಮುಖ್ಯಸ್ಥೆ ಪಕ್ಕದಲ್ಲೇ ಇದ್ದರು.

"ಕ್ಯಾ ಹುವಾ?" ಎಂದರು.

"ಏನಿಲ್ಲ," ಎಂದು ಕಲ್ಯಾಣದ ಗ್ರೂಪಿಗೆ ಗುರುತು ಹಾಕಿದೆ. ಬೇರೆ ಏನು ಹೇಳಬಹುದಿತ್ತು? ಠಾಣೆಯಲ್ಲಿ ಕೂತವಳಿಗೆ ಕಲ್ಯಾಣದಲ್ಲಿ ಇವತ್ತು ಯಾವ ಪಲ್ಯ ಎಂದು ತಿಳಿಯಬೇಕಾದ ಕಾರಣ ಏನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಪಟ್ಟಿ ಬಂತು. ನನಗೆ ಕಾಣುತ್ತಿದ್ದದ್ದು ಒಂಬತ್ತು ಲಿಂಕು. ಎಲ್ಲ ನನ್ನವೇ, ನನಗೆ ಬೇಕಾದವೇ. ಐಸಿಯುವಿನ ಹಿರಿಯ ಸಿಸ್ಟರ್ ಫೋನು ಮಾಡಿ, "ದೀದಿ, ಈಗ ಕಣ್ಣಿಗೆ ಹಾಯೆನಿಸ್ತಾ ಇದೆ" ಎಂದಳು. ಮುಖ್ಯಸ್ಥೆ ಎಲ್ಲರೆದುರು ನನ್ನ ಹೆಸರು ಹಿಡಿದು ಹೊಗಳಿದರು. ನಾನು ನಕ್ಕೆ. ಚಹಾ ಬಂತು, ಕುಡಿದೆ. ಎರಡು ವರ್ಷದಲ್ಲಿ ಮೊದಲ ಸಲ ಆ ಚಹಾ ಸುಮ್ಮನೆ ಕುಡಿದದ್ದು.

ಲಿಂಕು ಮರೆಯಾದರೆ ಪುಟ ಮುಚ್ಚಿಹೋಗುವುದಿಲ್ಲ. ವಿಳಾಸ ಗೊತ್ತಿದ್ದವರು ಟೈಪ್ ಮಾಡಿ ತೆರೆಯಬಹುದು. ಎರಡು ದಿನ ತಡೆದುಕೊಂಡು ಮೂರನೆಯ ದಿನ ಹಾಗೆ ತೆರೆದೆ. "ಸೌತೆಕಾಯಿ ಹುಳಿ. ತೆಂಗಿನಕಾಯಿ ಸಾಕಷ್ಟು ಹಾಕಿದ್ದೇವೆ, ಯಾರೂ ಬೈಯಬಾರದು." ಒಬ್ಬಳೇ ಕೂತು ನಕ್ಕೆ. ಹತ್ತು ದಿನ ಹಾಗೆ ನಡೆಯಿತು. ಆಮೇಲೆ ಮುಖ್ಯಸ್ಥೆ, ಲಿಂಕು ಮರೆಮಾಡಿದರೂ ಹುಡುಕಾಟದಲ್ಲಿ ಪುಟ ಸಿಗುತ್ತದೆ, ಹಾಗಾಗಿ ಪುಟಗಳಿಗೂ ಅದೇ ಗ್ರೂಪಿನ ಬೀಗ ಹಾಕಿ ಎಂದರು. ಹಾಕಿದೆ. ಮಾರನೆಯ ದಿನ ವಿಳಾಸ ಟೈಪ್ ಮಾಡಿದರೆ ತೆರೆ ಬೆಳ್ಳಗಾಗಿ, ಈ ಪುಟ ನೋಡಲು ನಿಮಗೆ ಅನುಮತಿಯಿಲ್ಲ ಎಂದಿತು. ಆ ವಾಕ್ಯ ಬರೆದು ಇಟ್ಟವಳೂ ನಾನೇ.

ಎಂಟು ದಿನ ಕಳೆಯಿತು. ಸಂಜೆ ಬಸ್ಸಿನಲ್ಲಿ ವರ್ತಕ ನಗರಕ್ಕೆ ಬರುವಾಗ, ಇವತ್ತು ಏನು ಬರೆದಿರಬಹುದು ಎಂದು ಯೋಚಿಸುತ್ತಿದ್ದೆ. ಮಾರ್ಕೆಟಿನಲ್ಲಿ ಬಸಳೆ ಕಂಡರೆ, ಈ ವರ್ಷವೂ ಊರಿಗೆ ಹೋದ ಅಜ್ಜಿ ಬಂದಳೋ ಇಲ್ಲವೋ ಎನಿಸುತ್ತಿತ್ತು. ಅಜ್ಜಿಯನ್ನು ನಾನು ನೋಡಿಯೇ ಇರಲಿಲ್ಲ. ಮನೆಯಲ್ಲಿ ಮಗಳು, "ಅಮ್ಮಾ, ಕ್ಯಾ ಸೋಚ್ ರಹೀ ಹೋ?" ಎಂದರೆ, "ಏನಿಲ್ಲವಾ, ಆಫೀಸಿಂದು" ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ.

ಒಂಬತ್ತನೆಯ ದಿನ ನಾನು ಮಾಡಬಾರದ್ದು ಮಾಡಿದೆ. ಗ್ರೂಪುಗಳ ಕೀಲಿ ನನ್ನ ಕೈಯಲ್ಲೇ ಇತ್ತು. ಕಲ್ಯಾಣದ ಸಿಬ್ಬಂದಿಯ ಗ್ರೂಪು ತೆರೆದು ನನ್ನ ಹೆಸರು ಸೇರಿಸಿಕೊಂಡೆ. ಒಂದು ನಿಮಿಷದ ಕೆಲಸ. ಎಡಗಡೆ ಪಟ್ಟಿಯಲ್ಲಿ ಹತ್ತನೆಯ ಲಿಂಕು ಬಂದು ಕೂತಿತು. ಒತ್ತಿದೆ. "ಅಜ್ಜಿ ಬಂದಿದ್ದಾಳೆ. ಬಸಳೆ, ಹೆಸರುಕಾಳು." ಕಣ್ಣು ತುಂಬಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ತುಂಬಿತು.

ಮಧ್ಯಾಹ್ನ ಫೋನು ಬಂತು. ಅವರೇ.

"ಮೇಡಂ, ನಿಮಗೆ ಕಲ್ಯಾಣಕ್ಕೆ ಟ್ರಾನ್ಸ್‌ಫರ್ ಆಯ್ತಾ?"

ನನಗೆ ಅರ್ಥವಾಗಲಿಲ್ಲ. "ಇಲ್ಲಲ್ರಿ. ಯಾಕ?"

"ನಿಮ್ಮ ಹೆಸರು ಬಂದಿದೆ ಅಲ್ವಾ. ಹೊಸಬರಿಗೆ ಊಟದ ಕಾರ್ಡ್ ಮಾಡ್ಲಿಕ್ಕೆ ಮೇಲ್ ಬರ್ತದಲ್ಲ, ಅದರಲ್ಲಿ. ಕಾರ್ಡ್ ಮಾಡಿ ಇಟ್ಟಿದ್ದೇನೆ."

ಆಗ ನೆನಪಾಯಿತು. ಯಾವುದೇ ಆಸ್ಪತ್ರೆಯ ಗ್ರೂಪಿಗೆ ಹೊಸ ಹೆಸರು ಸೇರಿದರೆ ಅಲ್ಲಿನ ಕ್ಯಾಂಟೀನಿಗೆ ತಾನಾಗಿ ಒಂದು ಮೇಲ್ ಹೋಗಬೇಕು, ಹೊಸಬರು ಮೊದಲ ದಿನ ಹಸಿದು ಕೂರಬಾರದು ಎಂದು ಹಿಂದೆ ನಾನೇ ಏರ್ಪಾಡು ಮಾಡಿದ್ದೆ. ತಪ್ಪಾಗಿ ಸೇರಿದೆ ಎಂದು ಹೇಳಿ ಮುಗಿಸಬಹುದಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು.

"ತಪ್ಪಲ್ರಿ," ಎಂದೆ. "ನಾನೇ ಹಾಕ್ಕೊಂಡೇನಿ. ಲಿಂಕು ಎಲ್ಲಾರಿಗೂ ಬ್ಯಾರೆ ಬ್ಯಾರೆ ಮಾಡೇವಲ್ರಿ, ನಂಗ ನಿಮ್ಮ ಪುಟ ಕಾಣೂದು ನಿಂತಿತ್ತು. ನೀವು ಕೆಳಗ ಬರೀತೀರಲ್ರಿ, ಅದನ್ನ ದಿನಾ ಓದತಿದ್ದೆ."

ಆ ಕಡೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಯಾರೋ ಅವರನ್ನು ಕರೆದರು.

"ಓದ್ತಿದ್ರಾ," ಎಂದರು ಕೊನೆಗೆ.

"ಹೂನ್ರಿ."

"ಎಷ್ಟು ದಿನದಿಂದ?"

"ಹೀರೇಕಾಯಿ ಸಿಪ್ಪಿ ಚಟ್ನಿ ಮಾಡಿದ್ರಲ್ಲ, ಅವತ್ತಿನಿಂದ."

ಕರೆದವರಿಗೆ, ಬಂದೆ ಎಂದು ಕೂಗಿದರು. ಆಮೇಲೆ, "ಹಾಗಾದ್ರೆ ಕಾರ್ಡ್ ವೇಸ್ಟ್ ಮಾಡುದು ಬೇಡ. ಶನಿವಾರ ಊಟಕ್ಕೆ ಬನ್ನಿ" ಎಂದರು.

ಶನಿವಾರ ಅರ್ಧ ದಿನ. ಠಾಣೆಯಿಂದ ಫಾಸ್ಟ್ ಟ್ರೇನು ಹಿಡಿದೆ. ಮುಂಜಾನೆ ಸೀರೆ ಉಡುವಾಗ ಮಗಳು ಎರಡು ಸಲ ತಿರುಗಿ ನೋಡಿದ್ದಳು. ಡೊಂಬಿವಲಿ ಸ್ಟೇಷನ್ ಬಂದಾಗ ನಮ್ಮ ಹಳೆಯ ಮನೆಯ ಬದಿ ಕಣ್ಣು ಹೋಯಿತು. ಅಲ್ಲಿಂದ ಅದು ಕಾಣುವುದಿಲ್ಲ. ಆದರೂ ಪ್ರತಿ ಸಲ ನೋಡುತ್ತೇನೆ. ನನ್ನ ಗಂಡನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚನೆ ಬಂತು. ಹೇಳಬೇಕಾದದ್ದು ಏನಿದೆ, ಒಂದು ಊಟ, ಎಂದುಕೊಂಡೆ.

ಕ್ಯಾಂಟೀನಿನಲ್ಲಿ ಜನ ಕಡಿಮೆಯಾಗಿದ್ದರು. ಅವರು ಕಿಟಕಿಯ ಬದಿಯ ಮೇಜು ಒರೆಸಿ ಇಟ್ಟಿದ್ದರು. ತಾವೇ ಬಡಿಸಿದರು. ಕುಚ್ಚಲಕ್ಕಿ ಅನ್ನ, ಬಸಳೆ, ಒಂದು ಚಮಚ ಉಪ್ಪಿನಕಾಯಿ, ಮಜ್ಜಿಗೆ. "ಇದು ಎಲ್ಲರಿಗೂ ಮಾಡಿದ್ದಲ್ಲ. ನಿಮ್ಮ ಕಡೆಯವರಿಗೆ ಕುಚ್ಚಲಕ್ಕಿ ಆಗ್ತದೋ ಇಲ್ವೋ, ಚಪಾತಿಯೂ ಉಂಟು," ಎಂದರು. "ಆಗತೈತ್ರಿ" ಎಂದೆ. ನನಗೆ ಅದು ಅಷ್ಟೇನೂ ಸೇರುತ್ತಿರಲಿಲ್ಲ. ಅವತ್ತು ಎರಡನೇ ಸಲ ಹಾಕಿಸಿಕೊಂಡೆ.

ಎದುರಿಗೆ ಕೂತರು. ಯಾಕೆ ಬರೆಯುತ್ತಿದ್ದಿರಿ ಎಂದು ಕೇಳಿದೆ.

"ಕನ್ನಡ ಬರೀಲಿಕ್ಕೆ ಬೇರೆ ಜಾಗ ಎಲ್ಲುಂಟು ಮೇಡಂ? ಇಲ್ಲಿ ಮೆನು ಯಾರೂ ನೋಡುದಿಲ್ಲ. ಎರಡನೇ ಮಾಳಿಗೆವರೆಗೆ ಪರಿಮಳ ಹೋಗ್ತದೆ, ಇಳಿದು ಬರ್ತಾರೆ." ನನ್ನ ಲೋಟಕ್ಕೆ ಮಜ್ಜಿಗೆ ಹಾಕುತ್ತ ಹೇಳಿದರು. "ಪುಟದ ಕೆಳಗೆ ಎಷ್ಟು ಜನ ನೋಡಿದ್ರು ಅಂತ ಬರ್ತದಲ್ಲ. ಒಂದು ಅಂತ ಬರ್ತಿತ್ತು. ಕೆಲವು ದಿನ ಎರಡು. ಆ ಒಂದು ನಾನೇ ಇರಬಹುದು ಅಂತ ಅಂದ್ಕೊಂಡು, ಒಂದಿಷ್ಟು ದಿನ ನಾನು ತೆರೆದು ನೋಡುದೇ ಬಿಟ್ಟೆ. ಆಗಲೂ ಒಂದು ಬಂತು."

ನಾನು ತಟ್ಟೆ ನೋಡುತ್ತ ಕೂತೆ.

"ನಿಮ್ಮದೇ ಅಂತ ಗೊತ್ತಿರ್ಲಿಲ್ಲ," ಎಂದರು. "ಇರ್ಲಿ ಅಂತ ಮಾತ್ರ ಇತ್ತು."

ಅವತ್ತು ಎರಡು ತಾಸು ಮಾತಾಡಿದೆವು. ಎಷ್ಟೋ ವರ್ಷದಿಂದ ನಾನು ಅಷ್ಟು ಕನ್ನಡ ಆಡಿರಲಿಲ್ಲ. ನನ್ನ ಮಾತಿಗೆ ಅವರು ನಗುತ್ತಿದ್ದರು, ಅವರ ಮಾತಿಗೆ ನಾನು. ಅವರು "ಎಂತ" ಎಂದರೆ ನಾನು "ಏನ" ಎನ್ನುವುದು. ಏಳುವ ಹೊತ್ತಿಗೆ ಅವರು ಇನ್ನೊಂದು ವಿಷಯ ಹೇಳಿದರು. ಅಣ್ಣ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ಡೊಂಬಿವಲಿಯ ಹೋಟೆಲು ಮಾರಿ ಖಾರಘರದಲ್ಲಿ ಹೊಸದು ಹಾಕಿ ಒಂದು ವರ್ಷವಾಗಿತ್ತಷ್ಟೇ. ಅತ್ತಿಗೆ ಮತ್ತು ಇಬ್ಬರು ಹೆಣ್ಣುಮಕ್ಕಳು. ಹೋಟೆಲು ನೋಡಿಕೊಳ್ಳಲು ಬೇರೆ ಜನ ಇಲ್ಲ. ತಿಂಗಳ ಕೊನೆಗೆ ಇಲ್ಲಿನ ಕೆಲಸ ಬಿಡುತ್ತಾರೆ.

"ಹೋಗಲೇಬೇಕೇನ್ರಿ?" ಎಂದು ಕೇಳಿಬಿಟ್ಟೆ.

"ಅಣ್ಣನ ಹತ್ರ ಮಾತು ಬಿಟ್ಟು ಹನ್ನೊಂದು ವರ್ಷ. ಈಗ ಹೋಗದಿದ್ರೆ ಮತ್ತೆಂತ." ಬಾಗಿಲವರೆಗೆ ಬಂದರು. "ಇನ್ನು ಮೂರು ವಾರ ಉಂಟು. ಬರೀತೇನೆ. ಕೊನೆ ದಿನದ್ದು ತಪ್ಪದೆ ಓದಿ."

ಓದುತ್ತೇನೆ ಎಂದೆ.

ಮುಂದಿನ ಗುರುವಾರ ಮುಖ್ಯಸ್ಥೆ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಗ್ರೂಪುಗಳು ಸರಿಯಾಗಿವೆಯೇ ಎಂದು ತಾಳೆ ನೋಡುವಾಗ ಕಲ್ಯಾಣದಲ್ಲಿ ನನ್ನ ಹೆಸರು ಕಂಡಿದೆ.

"ಆಪ್ ಕಲ್ಯಾಣ್ ಮೇ ಕೈಸೇ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ಅಚ್ಚರಿ ಇತ್ತು.

ಪರೀಕ್ಷೆ ಮಾಡಿ ನೋಡಲು ಹಾಕಿಕೊಂಡೆ ಎಂದೆ. ನಿಜ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತೋ ಏನೋ. ಅವರೂ ಗಂಡನನ್ನು ಪುಣೆಯಲ್ಲಿ ಬಿಟ್ಟು ಘೋಡಬಂದರ್ ರಸ್ತೆಯ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು, ಶುಕ್ರವಾರ ಸಂಜೆ ಅವರ ಮುಖವೇ ಬೇರೆಯಾಗುತ್ತಿತ್ತು. ಆದರೆ ನನಗೆ ಬಾಯಿ ಬರಲಿಲ್ಲ. ಅವರು ನನ್ನೆದುರೇ ನನ್ನ ಹೆಸರು ತೆಗೆದರು. ಮೂರೂ ಆಸ್ಪತ್ರೆಯ ಕೀಲಿ ಒಬ್ಬರ ಕೈಯಲ್ಲೇ ಇರುವುದು ನಿಯಮದ ಪ್ರಕಾರ ಸರಿಯಲ್ಲ, ಇನ್ನು ಮೇಲೆ ಕಲ್ಯಾಣದ ಪುಟಗಳನ್ನು ಅಲ್ಲಿನ ರಿಸೆಪ್ಷನ್ ಮುಖ್ಯಸ್ಥೆ ನೋಡಿಕೊಳ್ಳಲಿ ಎಂದರು. "ನಿಮ್ಮ ಭಾರವೂ ಕಡಿಮೆಯಾಗುತ್ತದೆ," ಎಂದು ಸೇರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಕಲ್ಯಾಣದ ಕ್ಯಾಂಟೀನಿಗೆ ಫೋನು ಮಾಡಿ ಅವರಿಗೆ ಹೇಳಬೇಕಿತ್ತು. ನನಗೆ ಈಗ ಕಾಣುವುದಿಲ್ಲ, ಬರೆದದ್ದನ್ನು ಫೋನಿಗೆ ಕಳಿಸಿ ಎಂದು ಒಂದು ಮಾತು. ನಂಬರು ಇತ್ತು. ಕೈಗೆತ್ತಿಕೊಂಡು ಇಡುತ್ತಿದ್ದೆ. ಪುಟದಲ್ಲಿ ಓದುವುದಕ್ಕೂ ಫೋನಿಗೆ ಕಳಿಸಿ ಎಂದು ಕೇಳುವುದಕ್ಕೂ ವ್ಯತ್ಯಾಸವಿದೆ. ಪುಟ ಎಲ್ಲರದ್ದು, ಅದನ್ನು ಓದಲು ಯಾರ ಅಪ್ಪಣೆಯೂ ಬೇಡ. ಕಳಿಸಿ ಎಂದರೆ ಅದು ನನಗೇ ಬರೆಯಿರಿ ಎಂದ ಹಾಗೆ. ಅದನ್ನು ಕೇಳುವಷ್ಟು ಧೈರ್ಯ ನನ್ನಲ್ಲಿ ಆಗ ಇರಲಿಲ್ಲ. ನಾಳೆ, ನಾಳೆ ಎನ್ನುವುದರಲ್ಲಿ ತಿಂಗಳು ಮುಗಿಯಿತು. ಕೊನೆಯ ದಿನ ನಾನು ಕಂಪ್ಯೂಟರಿನ ಎದುರು ಒಂಬತ್ತು ಲಿಂಕು ನೋಡುತ್ತ ಕೂತಿದ್ದೆ. ಇಪ್ಪತ್ತು ಕಿಲೋಮೀಟರ್ ಆಚೆ ಒಂದು ಪುಟದಲ್ಲಿ ಒಂದು ಸಾಲು ಇತ್ತು, ಓದಬಲ್ಲವಳು ನಾನೊಬ್ಬಳು, ನನಗೆ ಅನುಮತಿ ಇರಲಿಲ್ಲ.

ಮೂರು ತಿಂಗಳು ಬಿಟ್ಟು ಒಂದು ಭಾನುವಾರ ಮಗಳನ್ನು ಕರೆದುಕೊಂಡು ಖಾರಘರಕ್ಕೆ ಹೋದೆ. ಅವಳ ಗೆಳತಿಯ ಮನೆ ಅಲ್ಲಿತ್ತು, ಅದು ನೆಪ. ಠಾಣೆಯಿಂದ ಪನವೇಲಿನ ಟ್ರೇನು. ಸ್ಟೇಷನ್ನಿನಿಂದ ಶೇರ್ ರಿಕ್ಷಾ. ಅವರ ಹೋಟೆಲು ಹುಡುಕುವುದು ಕಷ್ಟವಾಗಲಿಲ್ಲ. ಹೊರಗೆ ನಿಲ್ಲುವಷ್ಟು ಜನ ಇದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿ ಸೀರೆಯ ಒಬ್ಬ ಹೆಂಗಸು, ಅತ್ತಿಗೆ ಇರಬೇಕು. ಅವರು ಒಳಗಿಂದ ಎರಡು ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ಬಂದವರು ನನ್ನನ್ನು ನೋಡಿ ನಿಂತರು. ಸೊರಗಿದ್ದರು. ಕೂದಲಿಗೆ ಬಣ್ಣ ಹಚ್ಚುವುದು ಬಿಟ್ಟಿದ್ದರು.

"ಬನ್ನಿ, ಬನ್ನಿ," ಎಂದು ತಟ್ಟೆ ಕೊಟ್ಟು ಬಂದು, ಮೂಲೆಯ ಮೇಜು ಮಾಡಿಕೊಟ್ಟರು. ಅತ್ತಿಗೆಗೆ ಕುಂದಾಪುರದ ಕನ್ನಡದಲ್ಲಿ ಬೇಗಬೇಗ ಏನೋ ಹೇಳಿದರು, ನನಗೆ ಆಫೀಸು ಎಂಬ ಶಬ್ದವಷ್ಟೇ ತಿಳಿಯಿತು. ಆಕೆ ನಕ್ಕು ಕೈ ಮುಗಿದರು.

"ಮಗಳಾ? ಕನ್ನಡ ಬರ್ತದಾ?"

"ಸಮಝ್‌ತೀ ಹೂಂ ಅಂಕಲ್," ಎಂದಳು ಮಗಳು. ಆಮೇಲೆ ಏನನ್ನಿಸಿತೋ, "ಸ್ವಲ್ಪ ಬರತೈತಿ" ಎಂದಳು. ಅವಳು ಹೊರಗಿನವರೆದುರು ಕನ್ನಡ ಆಡಿದ್ದನ್ನು ನಾನು ಅವತ್ತೇ ಕೇಳಿದ್ದು. ಅವರು ತಲೆಯಾಡಿಸಿ ನಕ್ಕರು. ನೀರು ದೋಸೆ ತಂದಿಟ್ಟರು. ಕೂರಲು ಆಗಲಿಲ್ಲ, ಎರಡು ಮೇಜಿನವರು ಕರೆಯುತ್ತಿದ್ದರು. ಮೂರು ಸಲ ಬಂದು ಹೋದರು. ಮಗಳು ಕೈ ತೊಳೆಯಲು ಎದ್ದಾಗ ನಾಲ್ಕನೆಯ ಸಲ ಬಂದು, ಮೇಜಿನ ಮೇಲೆ ಕೈಯೂರಿ, ತಗ್ಗಿದ ದನಿಯಲ್ಲಿ ಕೇಳಿದರು.

"ಕೊನೆ ದಿನದ್ದು ಓದಿದ್ರಾ?"

ಅವರ ಮುಖ ನೋಡಿದೆ. ಅದರಲ್ಲಿ ಕಾಯುವಿಕೆ ಇತ್ತು, ಮತ್ತು ಕಾಯುತ್ತಿದ್ದೇನೆಂದು ತೋರಿಸಬಾರದೆಂಬ ಪ್ರಯತ್ನ. ಇಲ್ಲ, ನನ್ನನ್ನು ಗ್ರೂಪಿನಿಂದ ತೆಗೆದಿದ್ದರು, ಏನು ಬರೆದಿದ್ದಿರಿ ಎಂದು ಕೇಳಬೇಕಿತ್ತು. ಅದಕ್ಕೆ ಅರ್ಧ ನಿಮಿಷ ಸಾಕಿತ್ತು. ಆದರೆ ಓದುತ್ತೇನೆ ಎಂದು ಮಾತು ಕೊಟ್ಟವಳು ಮೂರು ತಿಂಗಳಿಂದ ಹೇಳದೆ ಇದ್ದದ್ದನ್ನು ಆ ಗದ್ದಲದ ನಡುವೆ ಹೇಳಲು ನಾಚಿಕೆಯಾಯಿತು. ಅವರಿಗೆ ಬೇಸರವಾಗಬಾರದು ಎಂದಷ್ಟೇ ತಲೆಯಲ್ಲಿತ್ತು.

"ಓದಿದೆ ರೀ," ಎಂದೆ.

ಅವರು ಸ್ವಲ್ಪ ಹೊತ್ತು ನಿಂತರು. ನಾನು ಮುಂದೆ ಏನಾದರೂ ಹೇಳುತ್ತೇನೆಂದು ನಿಂತದ್ದು ಎಂದು ಈಗ ಗೊತ್ತಾಗುತ್ತದೆ. ಅವರು ಏನು ಬರೆದಿದ್ದರೆಂದೇ ಗೊತ್ತಿಲ್ಲದೆ, ನಾನು ಲೋಟದ ನೀರು ಮುಗಿಸಿದೆ.

"ಹಾಗಾದ್ರೆ ಸರಿ," ಎಂದರು. ಮೇಜಿನ ಮೇಲಿನ ಲೋಟ ಎತ್ತಿಕೊಂಡು, "ದೋಸೆ ಇನ್ನೊಂದು ಹಾಕ್ಲಾ?" ಎಂದು ಕೇಳಿದರು. ಬೇಡ ಎಂದೆ. ಬೀಳ್ಕೊಡುವಾಗ ಮಗಳ ಕೈಗೆ ಒಂದು ಪೊಟ್ಟಣ ಬಾಳೆಕಾಯಿ ಚಿಪ್ಸ್ ಕೊಟ್ಟರು. ನನ್ನ ಕಡೆ ನೋಡಿ, "ಆ ಕಡೆ ಬಂದಾಗ ಬನ್ನಿ" ಎಂದರು. ಈ ಕಡೆ ಎನ್ನಬೇಕಿತ್ತು. ತಪ್ಪಿ ಆಡಿದರು.

ಟ್ರೇನಿನಲ್ಲಿ ಮಗಳು ಚಿಪ್ಸ್ ತಿನ್ನುತ್ತ, "ಅಂಕಲ್ ಅಚ್ಛೇ ಹೈಂ. ತುಮ್ಹಾರೇ ಸಾಥ್ ಕಾಮ್ ಕರ್‌ತೇ ಥೇ?" ಎಂದು ಕೇಳಿದಳು.

"ಹೌದವಾ. ಬ್ಯಾರೆ ಆಸ್ಪತ್ರಿ."

"ಫಿರ್ ಚಲೇಂಗೇ?"

"ಮತ್ತ ಹೋಗೂದಾ? ನೋಡೂಣು," ಎಂದೆ. ಅವಳು ನನ್ನ ಕಡೆ ತಿರುಗಿ, ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದಳು. ಠಾಣೆ ಹತ್ತಿರವಾದಂತೆ ಅಲ್ಲಿನ ಖಾಡಿಯ, ಸಮುದ್ರದ ಹಿನ್ನೀರಿನ, ಉಪ್ಪು ಗಾಳಿ ಒಳಗೆ ಬರುತ್ತಿತ್ತು.

ಮಾರನೆಯ ದಿನವೇ ಕಲ್ಯಾಣದ ರಿಸೆಪ್ಷನ್ ಮುಖ್ಯಸ್ಥೆಗೆ ಫೋನು ಮಾಡಿದೆ. ಕ್ಯಾಂಟೀನಿನ ಹಳೆಯ ಪುಟ ಒಮ್ಮೆ ನೋಡಬೇಕಿತ್ತು ಎಂದೆ. ಅವಳು ಪಾಪ, ತಡಕಾಡಿ ನೋಡಿದಳು. ಹೊಸದಾಗಿ ಬಂದವರು ತಮ್ಮದೇ ಪುಟ ಮಾಡಿಕೊಂಡಿದ್ದರು, ಹಳೆಯದನ್ನು ಅಳಿಸಿದ್ದರು. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ. ಆ ಅವಧಿ ಮುಗಿದು ಹದಿನೈದು ದಿನವಾಗಿತ್ತು. "ಮುಖ್ಯವಾದದ್ದು ಇತ್ತಾ ದೀದಿ?" ಎಂದು ಕೇಳಿದಳು. "ಮೆನು ಅಷ್ಟೇ," ಎಂದೆ.

ಇದಾಗಿ ಒಂದೂವರೆ ವರ್ಷವಾಯಿತು. ನಮ್ಮ ಎಡಗಡೆ ಪಟ್ಟಿ ಈಗಲೂ ಚೊಕ್ಕಟವಾಗಿದೆ. ಬೇರೆ ಆಸ್ಪತ್ರೆಯವರು ಬಂದು ನೋಡಿಕೊಂಡು ಹೋಗುತ್ತಾರೆ, ಅವರಿಗೆ ವಿವರಿಸುವುದು ನನ್ನ ಕೆಲಸ. ಯಾವ ಲಿಂಕು ಯಾರಿಗೆ ಬೇಕೆಂದು ತೀರ್ಮಾನಿಸುವ ಮೊದಲು, ಅದನ್ನು ಈಗ ಯಾರು ಒತ್ತುತ್ತಿದ್ದಾರೆಂದು ನೋಡಿ ಎಂದು ಅವರಿಗೆ ಹೇಳುತ್ತೇನೆ. ಯಾಕೆ ಒತ್ತುತ್ತಾರೆ ಎಂದು ಅವರನ್ನೇ ಕೇಳಿ ಎಂದೂ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ.

ಖಾರಘರಕ್ಕೆ ಎರಡು ಸಲ ಫೋನು ಮಾಡಿದ್ದೇನೆ. ಎರಡು ಸಲವೂ ಮಧ್ಯಾಹ್ನ ಒಂದು ಗಂಟೆಗೆ. ಹಿಂದೆ ಪಾತ್ರೆಗಳ ಸದ್ದು, ಆರ್ಡರಿನ ಕೂಗು. "ಊಟದ ಹೊತ್ತು ಮೇಡಂ, ಮತ್ತೆ ಮಾಡ್ಲಾ?" ಎಂದರು ಅವರು. "ಆತ್ರಿ, ಮಾಡ್ರಿ" ಎಂದೆ. ಅವರು ಮಾಡಿದಾಗ ನಾನು ಮೀಟಿಂಗಿನಲ್ಲಿದ್ದೆ. ಹೋಟೆಲಿನವರಿಗೆ ನಾಲ್ಕು ಗಂಟೆಗೆ ಬಿಡುವಿರುತ್ತದೆ. ಅದು ನನಗೆ ಗೊತ್ತಿಲ್ಲವೆಂದಲ್ಲ.